ಒದ್ದೆ ಕಾಗದದ ಲೆಕ್ಕ: ಮೊಕುಹಾಂಗ ವಿನಿಮಯ ರೆಸಿಡೆನ್ಸಿಯಲ್ಲಿ ನಾವು ಕೆಲಸ ಮಾಡಿದ ಬಗೆ

ನಮ್ಮ ಕಲಾಶಾಲೆಗಳ ಗ್ರಾಫಿಕ್ಸ್ ವಿಭಾಗದಲ್ಲಿ ವುಡ್‌ಕಟ್ (ಮರದ ಹಲಗೆ ಕೆತ್ತಿ ಅಚ್ಚು ತೆಗೆಯುವುದು) ಎಂದರೆ ಎಣ್ಣೆ ಶಾಯಿ, ರೋಲರ್, ಒಣ ಕಾಗದ, ಕೊನೆಗೆ ಪ್ರೆಸ್ ಅಥವಾ ಚಮಚದ ಬೆನ್ನು. ಜಪಾನಿನ ವುಡ್‌ಕಟ್ ಪದ್ಧತಿಯಾದ ಮೊಕುಹಾಂಗದಲ್ಲಿ ಇವು ಯಾವುವೂ ಇಲ್ಲ. ನೀರಿನ ಬಣ್ಣ, ಕುದುರೆಕೂದಲಿನ ಬ್ರಷ್, ಅಕ್ಕಿಹಿಟ್ಟಿನ ಗಂಜಿ, ಒದ್ದೆ ಕಾಗದ, ಕಾಗದದ ಬೆನ್ನನ್ನು ಕೈಯಿಂದ ಉಜ್ಜುವ ಬಾರೆನ್ ಎಂಬ ದುಂಡು ಬಿಲ್ಲೆ, ಇಷ್ಟೇ. ಕರ್ನಾಟಕದಿಂದ ಹೋಗುವ ವಿದ್ಯಾರ್ಥಿಗೆ ಕೆತ್ತನೆ ಬೇಗ ಒಲಿಯುತ್ತದೆ. ಕೈಕೊಡುವುದು ಕಾಗದದ ತೇವ. ಆದ್ದರಿಂದ ರೆಸಿಡೆನ್ಸಿಯ (ಎರಡು ಸಂಸ್ಥೆಗಳವರು ಜಪಾನಿನಲ್ಲಿ ಒಟ್ಟಿಗೆ ತಂಗಿ ಕೆಲಸ ಮಾಡುವ ಅವಧಿಯ) ವೇಳಾಪಟ್ಟಿ ಹಾಕುವಾಗ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಮುದ್ರಣಕ್ಕೇ ಇಟ್ಟುಕೊಳ್ಳಬೇಕು.

ಹೊರಡುವ ಮುನ್ನ ಎರಡೂ ಕಡೆಯವರು ಸೇರಿ ಎರಡೇ ಎರಡು ವಿಷಯ ಪಕ್ಕಾ ಮಾಡಿಕೊಂಡರೆ ಸಾಕು: ಕಾಗದದ ಅಳತೆ ಮತ್ತು ಎಡಿಷನ್ ಸಂಖ್ಯೆ (ಒಂದು ಚಿತ್ರದ ಎಷ್ಟು ಪ್ರತಿ ತೆಗೆಯಬೇಕು ಎಂಬುದು). ನಮ್ಮ ಲೆಕ್ಕ ಹೀಗೆ. ಹನ್ನೆರಡು ಮಂದಿಯಿದ್ದರೆ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ, ಎರಡು ಸಂಸ್ಥೆಗಳ ಸಂಗ್ರಹಕ್ಕೆ ಒಂದೊಂದು, ಒಟ್ಟು 14. ಕೆಡುವುದನ್ನು ಹಿಡಿದು 20 ಹಾಳೆ ತೇವ ಮಾಡಬೇಕು. ಕಾಗದ 20×28 ಸೆಂ.ಮೀ., ಚಿತ್ರ 14×20 ಸೆಂ.ಮೀ. ಇದಕ್ಕಿಂತ ದೊಡ್ಡದು ಬೇಡ; ಹೊಸಬರ ಕೈಯಲ್ಲಿ ಬಾರೆನ್ ಒತ್ತಡ ದೊಡ್ಡ ಜಾಗಕ್ಕೆ ಸಮನಾಗಿ ಬೀಳುವುದಿಲ್ಲ.

ವೀಸಾಕ್ಕೆ ಆತಿಥೇಯರಿಂದ ಆಹ್ವಾನ ಪತ್ರ ಮತ್ತು ದಿನವಹಿ ಕಾರ್ಯಕ್ರಮ ಪಟ್ಟಿ ತರಿಸಿಕೊಳ್ಳಿ. ಖರ್ಚು ಅವರೇ ಭರಿಸುವುದಾದರೆ ಗ್ಯಾರಂಟಿ ಪತ್ರವೂ ಬೇಕು. ಉಳಿ, ಚಾಕುಗಳು ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು. ಇಲ್ಲಿಂದ ಅಂಟು ಕಾಯಿಸುವ ವಿದ್ಯುತ್ ಪಾತ್ರೆ ಒಯ್ಯುವುದು ವ್ಯರ್ಥ. ಜಪಾನಿನಲ್ಲಿ 100 ವೋಲ್ಟ್. ನಮ್ಮ 230 ವೋಲ್ಟಿನ ಹೀಟರ್ ಅಲ್ಲಿ ಐದನೇ ಒಂದು ಭಾಗದಷ್ಟೂ ಶಾಖ ಕೊಡುವುದಿಲ್ಲ.

ಹಲಗೆಗೆ ಶಿನಾ (ಜಪಾನಿನ ಲಿಂಡೆನ್ ಮರ) ಪ್ಲೈವುಡ್ ವಿದ್ಯಾರ್ಥಿಗಳಿಗೆ ಒಗ್ಗುತ್ತದೆ. ಹಳೆಯ ಕಾಲದ ಅಚ್ಚುಗಳಿಗೆ ಕಾಡು ಚೆರಿ ಮರ ಬಳಸುತ್ತಿದ್ದರು. ಅದು ಗಟ್ಟಿ, ದುಬಾರಿ, ಮೊದಲ ಕೆಲಸಕ್ಕೆ ತಕ್ಕದ್ದಲ್ಲ. ನಮ್ಮೂರಿನ ಅಂಗಡಿಯ ಸಾಮಾನ್ಯ ಪ್ಲೈವುಡ್‌ನಲ್ಲಿ ಪದರಗಳು ನೀರು ಕುಡಿದು ಎದ್ದು ಬರುತ್ತವೆ, ತೆಳು ಗೆರೆ ಸಿಡಿಯುತ್ತದೆ. ಚಾಕುವನ್ನು ಮುಷ್ಟಿಯಲ್ಲಿ ಹಿಡಿದು ತನ್ನ ಕಡೆಗೆ ಎಳೆಯಬೇಕು. ವಿ-ಉಳಿಯನ್ನು ಮುಂದಕ್ಕೆ ತಳ್ಳಿ ರೂಢಿಯಾದವರು ಇಲ್ಲಿ ತಡವರಿಸುತ್ತಾರೆ. ಗೆರೆಯ ಎರಡೂ ಬದಿ ಹೊರಕ್ಕೆ ಇಳಿಜಾರಾಗಿರಲಿ. ಬುಡ ಅಗಲವಿದ್ದರೆ ಮಾತ್ರ ಬ್ರಷ್ಷಿನ ತಿಕ್ಕಾಟವನ್ನು ಗೆರೆ ತಡೆಯುತ್ತದೆ.

ಬಣ್ಣದ ಹಲಗೆಗಳು ಒಂದಕ್ಕೊಂದು ಹೊಂದುವುದು ಕೆಂತೊ ಎಂಬ ಗುರುತಿನಿಂದ. ಮುದ್ರಿಸುವವರ ಬಲಗಡೆ ಕೆಳಮೂಲೆಯಲ್ಲಿ ಒಂದು ಮೂಲೆಗಟ್ಟಿನ ಕಚ್ಚು, ಅದೇ ಅಂಚಿನಲ್ಲಿ ಎಡಕ್ಕೆ ಒಂದು ನೇರ ಕಚ್ಚು. ಆಳ 1ರಿಂದ 1.5 ಮಿ.ಮೀ. ಇದಕ್ಕಿಂತ ಕಡಿಮೆಯಾದರೆ ಒದ್ದೆ ಕಾಗದದ ಅಂಚು ಕಚ್ಚಿನ ಮೇಲೇರಿ ಜಾರುತ್ತದೆ. ಮೊದಲು ಗೆರೆಯ ಹಲಗೆ ಕೆತ್ತಿ, ಕೆಂತೊ ಗುರುತಿನ ಸಮೇತ ತೆಳುಕಾಗದದ ಮೇಲೆ ಬಣ್ಣಕ್ಕೊಂದರಂತೆ ಅಚ್ಚು ತೆಗೆದು, ಅವನ್ನು ಮಗುಚಿ ಬಣ್ಣದ ಹಲಗೆಗಳಿಗೆ ಅಂಟಿಸಿ ಕೆತ್ತಬೇಕು. ಈ ಅಚ್ಚುಗಳನ್ನು ಒಣ ಕಾಗದದ ಮೇಲೆಯೇ ತೆಗೆಯಬೇಕು. ಒದ್ದೆ ಕಾಗದ ಹಿಗ್ಗಿರುತ್ತದೆ, ಒಣಗಿದಾಗ ಕುಗ್ಗುತ್ತದೆ. ಆ ಅಳತೆಗೆ ಕೆತ್ತಿದ ಬಣ್ಣದ ಹಲಗೆ ಕೊನೆಯವರೆಗೂ ಹೊಂದುವುದಿಲ್ಲ.

ಇನ್ನು ಕಾಗದ. ಕೊಝೊ ಗಿಡದ ನಾರಿನ ವಾಶಿ (ಜಪಾನಿನ ಕಾಗದ), 80ರಿಂದ 110 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ), ಸೈಜಿಂಗ್ ಆದದ್ದು, ಎಂದರೆ ಬಣ್ಣ ಹಬ್ಬದಂತೆ ಅಂಟು ಸವರಿದ್ದು. ನಮ್ಮ ಹತ್ತಿಚಿಂದಿಯ ಕೈಕಾಗದ ನೋಡಲು ಚೆಂದ, ಆದರೆ ನಾರು ಗಿಡ್ಡ. ಐದಾರು ಬಣ್ಣ ಉಜ್ಜುವಷ್ಟರಲ್ಲಿ ಮೇಲ್ಮೈ ನವಿರೆದ್ದು ಹಲಗೆಗೆ ಮೆತ್ತಿಕೊಳ್ಳುತ್ತದೆ. ಊರಿಗೆ ಮರಳಿದ ಮೇಲೆ ನೇಪಾಳದ ಲೋಕ್ತಾ ಕಾಗದ ಬಳಸಬಹುದು. ನಾರು ಉದ್ದವಿದೆ, ಸೈಜಿಂಗ್ ಮಾತ್ರ ನಾವೇ ಮಾಡಿಕೊಳ್ಳಬೇಕು: 1 ಲೀಟರ್ ನೀರಿಗೆ 15 ಗ್ರಾಂ ಪ್ರಾಣಿಜನ್ಯ ಅಂಟು, 5 ಗ್ರಾಂ ಪಟಿಕ. ಅಂಟನ್ನು ಮೊದಲು ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಪಟಿಕ ಹೆಚ್ಚಾದರೆ ಕಾಗದಕ್ಕೆ ಆಮ್ಲ ಸೇರಿ ವರ್ಷಗಳ ಮೇಲೆ ಹಳದಿಯಾಗಿ ಮುರುಕಲಾಗುತ್ತದೆ.

ತೇವ ಮಾಡುವ ಕ್ರಮ: ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆಯೊಂದನ್ನು ಅಗಲ ಬ್ರಷ್ಷಿನಿಂದ ಒದ್ದೆ ಮಾಡಿ, ಅದರ ಮೇಲೆ ಎರಡು ವಾಶಿ, ಮತ್ತೆ ಒಂದು ಒದ್ದೆ ಹಾಳೆ, ಹೀಗೆ ಪೇರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಹಲಗೆಯಿಟ್ಟು ಇಡೀ ರಾತ್ರಿ ಬಿಡಬೇಕು. (ಮನೆಯ ಹಳೇ ದಿನಪತ್ರಿಕೆ ಬೇಡ, ಅದರ ಶಾಯಿ ವಾಶಿಗೆ ಇಳಿಯುತ್ತದೆ.) ಬೆಳಿಗ್ಗೆ ಕೆನ್ನೆಗೆ ಮುಟ್ಟಿಸಿದರೆ ತಣ್ಣಗಿರಬೇಕು, ಬೆಳಕಿಗೆ ಹಿಡಿದರೆ ನೀರು ಹೊಳೆಯಬಾರದು. ಹೊಳೆದರೆ ಬಣ್ಣ ಗೆರೆ ದಾಟಿ ಹಬ್ಬುತ್ತದೆ. ಒಣ ಹೀರುಕಾಗದ ನಡುವೆ ಸೇರಿಸಿ ಅರ್ಧ ಗಂಟೆ ಇಡಿ. ಮುದ್ರಿಸುವಾಗ ಸೀಲಿಂಗ್ ಫ್ಯಾನ್ ಆರಿಸಲೇಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಫ್ಯಾನಿಲ್ಲದೆ ಕೂರುವುದು ಶಿಕ್ಷೆಯೇ, ಆದರೆ ಗಾಳಿಗೆ ಹಾಳೆಯ ಅಂಚು ಮೊದಲು ಒಣಗಿ ಸೊಟ್ಟಗಾಗುತ್ತದೆ, ಎರಡನೇ ಬಣ್ಣದಲ್ಲೇ ಕೆಂತೊ ತಪ್ಪುತ್ತದೆ. ನಸುಕಿನಲ್ಲಿ ಮುದ್ರಿಸುವುದೊಂದೇ ದಾರಿ. ಮಂಗಳೂರಿನ ಮಳೆಗಾಲದ ತೊಂದರೆ ಬೇರೆ: ಒದ್ದೆ ಕಟ್ಟು ಬೇಗ ಬೂಸ್ಟು ಹಿಡಿಯುತ್ತದೆ. ಅಂದಿನ ಕೆಲಸ ನಿಂತರೆ ಕಟ್ಟನ್ನು ಪ್ಲಾಸ್ಟಿಕ್ ಸಮೇತ ಫ್ರೀಜರಿನಲ್ಲಿಟ್ಟು, ಮರುದಿನ ಸುತ್ತಿದ ಹಾಗೆಯೇ ಕರಗಲು ಬಿಡಿ.

ಗಂಜಿಗೆ ಒಂದು ಭಾಗ ಅಕ್ಕಿಹಿಟ್ಟು, ನಾಲ್ಕು ಭಾಗ ನೀರು. ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಿಳುಪು ಹೋಗಿ ಪಾರದರ್ಶಕವಾದಾಗ ಇಳಿಸಬೇಕು. ಸೋನಾ ಮಸೂರಿ ಹಿಟ್ಟಿನದು ಆರಿದ ಮೇಲೆ ಜಪಾನಿ ಅಕ್ಕಿಯದ್ದಕ್ಕಿಂತ ಬೇಗ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಬಟ್ಟೆಯಲ್ಲಿ ಹಿಂಡಿ ಸೋಸಿ, ಮೊಸರಿನ ಹದಕ್ಕೆ ನೀರು ಬೆರೆಸಿ. ಹಲಗೆಯ ಮೇಲೆ ಮೊದಲು ಬಣ್ಣ, ಅದರ ಪಕ್ಕ ಬಟಾಣಿ ಕಾಳಿನಷ್ಟು ಗಂಜಿ, ಎರಡನ್ನೂ ಬ್ರಷ್ಷಿನಿಂದ ವೃತ್ತಾಕಾರವಾಗಿ ಬೆರೆಸಿ ಕೊನೆಗೆ ಮರದ ಎಳೆಯ ನೇರಕ್ಕೆ ಹಗುರವಾಗಿ ಎಳೆಯಬೇಕು. ಗಂಜಿ ಕಡಿಮೆಯಾದರೆ ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ ಬೀಳುತ್ತವೆ. ಹೆಚ್ಚಾದರೆ ಬಾರೆನ್ ಹಾದ ಗೆರೆಗಳು ಉಳಿದು ಕಾಗದ ಹಲಗೆಗೆ ಅಂಟಿ ಹರಿಯುತ್ತದೆ. ಚುಕ್ಕೆ ಬಿದ್ದಾಗ ಎಲ್ಲರೂ ಬಣ್ಣ ಸುರಿಯುತ್ತಾರೆ. ಆದರೆ ಹತ್ತರಲ್ಲಿ ಎಂಟು ಸಲ ಕೊರತೆಯಿರುವುದು ಗಂಜಿಯದು ಅಥವಾ ಒತ್ತಡದ್ದು, ಬಣ್ಣದ್ದಲ್ಲ.

ಒತ್ತಡ ಬರಬೇಕಾದದ್ದು ತೋಳಿನಿಂದಲ್ಲ, ಮೈಭಾರದಿಂದ. ಸಾಂಪ್ರದಾಯಿಕ ಮುದ್ರಣದ ಮಣೆ ಆಚೆಕಡೆಗೆ ಇಳಿಜಾರಾಗಿರುವುದು ಅದಕ್ಕೇ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ನಮ್ಮವರಿಗೆ ಸಲೀಸು, ಇಲ್ಲಿ ನಾವೇ ಒಂದು ಹೆಜ್ಜೆ ಮುಂದೆ. ಬಾರೆನ್ನಿನ ಬಿದಿರು ಹೊದಿಕೆ ನಯವಾಗಿ ಜಾರಲು ಆಗಾಗ ಎಣ್ಣೆ ಸವರಬೇಕು, ಅಲ್ಲಿ ಕಮೇಲಿಯಾ ಎಣ್ಣೆ ಬಳಸುತ್ತಾರೆ. ಕೊಬ್ಬರಿ ಎಣ್ಣೆ ನಮ್ಮಲ್ಲಿ ನಡೆಯುತ್ತದೆ. ಜಪಾನಿನ ಶರತ್ಕಾಲದಲ್ಲಿ ಅದು ಹೆಪ್ಪುಗಟ್ಟಿ ಹೊದಿಕೆಗೆ ಮೆತ್ತುತ್ತದೆ. ಬ್ರಷ್ಷಿಗೆ ಬದಲಾಗಿ ಕುದುರೆಕೂದಲಿನ ಬೂಟ್ ಪಾಲಿಶ್ ಬ್ರಷ್ ಸಾಕು, ತುದಿಗಳನ್ನು ಮರಳುಕಾಗದದ ಮೇಲೆ ತಿಕ್ಕಿ ಮೆದು ಮಾಡಿಕೊಳ್ಳಿ.

ಜೊತೆಗಾರಿಕೆಯ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಇಬ್ಬರು ಒಂದೇ ಹಲಗೆಯಲ್ಲಿ ಅರ್ಧರ್ಧ ಚಿತ್ರ ಬರೆಯುವ ಪ್ರಯೋಗ ಬೇಡ. ಜಪಾನಿನ ಹಳೆಯ ಪದ್ಧತಿಯಲ್ಲಿ ಚಿತ್ರ ಬರೆಯುವವರು, ಕೆತ್ತುವವರು, ಮುದ್ರಿಸುವವರು, ಹಣ ಹೂಡುವ ಪ್ರಕಾಶಕರು ಬೇರೆಬೇರೆ. 1765ರ ಹೊತ್ತಿಗೆ ಚಿತ್ರಕಾರ ಸುಝುಕಿ ಹರುನೊಬುವಿನ ಬಹುವರ್ಣ ಅಚ್ಚುಗಳು ಬಂದದ್ದೂ ಇಂಥ ಕೂಟದಿಂದಲೇ. ಅದನ್ನೇ ಅನುಸರಿಸಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ಕೆತ್ತಲಿ, ಮುದ್ರಣ ಚಿತ್ರಕಾರರದ್ದೇ ಇರಲಿ. ತನ್ನ ಗೆರೆ ಬೇರೆಯವರ ಚಾಕುವಿನಲ್ಲಿ ಏನಾಗುತ್ತದೆ ಎಂಬುದು ಆಗ ಕಾಣುತ್ತದೆ, ಭಾಷೆ ಬಾರದಿದ್ದರೂ ಹಲಗೆ ತೋರಿಸಿ ಜಗಳವಾಡಬಹುದು.

ಹೊರಡುವ ಮುಂಚೆ ಬೆಂಗಳೂರಿನ ವೆಂಕಟಪ್ಪ ಕಲಾಗ್ಯಾಲರಿಗೆ ಹೋಗಿ ಜಲವರ್ಣಗಳನ್ನು ನೋಡಿ ಬನ್ನಿ. ಜಪಾನಿ ಚಿತ್ರಕಾರರಾದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೊ 1903ರಲ್ಲಿ ಕೋಲ್ಕತ್ತಕ್ಕೆ ಬಂದ ಮೇಲೆ ಅವನೀಂದ್ರನಾಥ ಟಾಗೋರರ ವಾಶ್ ಪದ್ಧತಿ (ಜಲವರ್ಣವನ್ನು ತೆಳುವಾಗಿ ಹರಡಿ ಬರೆಯುವುದು) ರೂಪುಗೊಂಡಿತು, ಕೆ. ವೆಂಕಟಪ್ಪ ಕಲಿತದ್ದು ಅವನೀಂದ್ರನಾಥರ ಬಳಿಯೇ.

ಮುಗಿದ ಅಚ್ಚುಗಳನ್ನು ಹೀರುಕಾಗದಗಳ ನಡುವೆ, ಹಲಗೆ ಹೇರಿ ಒಣಗಿಸಬೇಕು. ಅರ್ಧ ಗಂಟೆಯ ನಂತರ ಒಮ್ಮೆ ಹೀರುಕಾಗದ ಬದಲಿಸಿ, ಮರುದಿನ ಇನ್ನೊಮ್ಮೆ. ದಾರಕ್ಕೆ ನೇತುಹಾಕಿದರೆ ಸುಕ್ಕುಗಟ್ಟುತ್ತದೆ. ಸಂಖ್ಯೆ ಮತ್ತು ಸಹಿ ಪೆನ್ಸಿಲಿನಲ್ಲಿ; ಕೆತ್ತಿದವರ ಹೆಸರೂ ಇರಲಿ. ಸಾಗಿಸುವಾಗ ನಡುವೆ ಗ್ಲಾಸಿನ್ ಎಂಬ ನಯವಾದ ತೆಳುಹಾಳೆಯಿಟ್ಟು ಎರಡು ರಟ್ಟಿನ ಮಧ್ಯೆ ಚಪ್ಪಟೆಯಾಗಿಯೇ ಒಯ್ಯಿರಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಚ್ಚು ಫ್ರೇಮಿನ ಗಾಜಿಗೆ ತಾಗದಂತೆ ಮೌಂಟ್ ಹಾಕಿಸಿ, ಹೊರಗೋಡೆಗೆ ತೂಗುಹಾಕಬೇಡಿ. ಸೈಜಿಂಗಿನ ಅಂಟು, ಗಂಜಿ ಎರಡೂ ಬೂಸ್ಟಿಗೆ ಆಹಾರ.