ನಿಮ್ಮ ಫೋಟೋ ಇನ್ಯಾರದೋ ಹರಾಜಿನಲ್ಲಿ ಕಂಡರೆ

ಧೂಳು ಒರೆಸಿ, ಬೆಳಕು ಹೊಂದಿಸಿ, ಮೂವತ್ತು ಸಲ ಕ್ಲಿಕ್ ಮಾಡಿ ಅದರಲ್ಲಿ ನಾಲ್ಕು ಆರಿಸಿ ಆನ್‌ಲೈನ್ ಹರಾಜಿಗೆ ಹಾಕಿದ ಫೋಟೋ ಬೇರೆಯವರ ಲಿಸ್ಟಿಂಗ್‌ನಲ್ಲಿ, ಅಂದರೆ ಅವರ ಮಾರಾಟದ ಪುಟದಲ್ಲಿ, ಕಂಡರೆ ಮೈ ಉರಿಯುತ್ತದೆ. ನನಗೂ ಉರಿದಿತ್ತು. ಹಳೇ ಕ್ಯಾಮೆರಾ ಮಾರುವ ಒಬ್ಬ ನನ್ನ ಫೋಟೋನೇ ಹಾಕಿಕೊಂಡಿದ್ದ, ಲೆನ್ಸ್ ಅಂಚಿನ ಗೀರು ಸಮೇತ! ಸಿಟ್ಟಿಗೆ ಉದ್ದ ಮೆಸೇಜ್ ಬರೆದೆ. ಐದು ನಿಮಿಷಕ್ಕೆ ಫೋಟೋ ಮಾಯ. ನನ್ನ ಹತ್ತಿರ ಪುರಾವೆ ಒಂದೂ ಉಳಿಯಲಿಲ್ಲ, ಎರಡು ವಾರ ಬಿಟ್ಟು ಅವನು ಅದನ್ನೇ ಮತ್ತೆ ಹಾಕಿದ.

ಅದಕ್ಕೇ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಮಾತು. ಇಡೀ ಪೇಜ್ ಬರಲಿ: ಮಾರುವವರ ಐಡಿ, ಐಟಂ ನಂಬರ್, ಲಿಂಕ್, ತಾರೀಖು. ಒಂದು ಫೋಟೋ ಇಂಟರ್ನೆಟ್‌ನಲ್ಲಿ ಎಲ್ಲೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ನಿಮ್ಮ ಫೋಟೋ ಕೊಟ್ಟು ನೋಡಿ, ಕದ್ದವರು ಒಬ್ಬರೇ ಅಲ್ಲದಿರಬಹುದು.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಬೇಕು. ಆ ಫೋಟೋ ನಿಜವಾಗಿ ನೀವೇ ತೆಗೆದದ್ದಾ? ಕಂಪನಿಯ ಸೈಟ್‌ನಿಂದ ಇಳಿಸಿಕೊಂಡದ್ದಾದರೆ ಸುಮ್ನೆ ಇರುವುದೇ ವಾಸಿ, ಅದರ ಹಕ್ಕು ನಿಮ್ಮದಲ್ಲ. ನೀವೇ ತೆಗೆದಿದ್ದರೆ ಕಾಪಿರೈಟ್ ತೆಗೆದ ಕ್ಷಣದಿಂದಲೇ ನಿಮ್ಮದು, ಎಲ್ಲೂ ನೋಂದಾಯಿಸಬೇಕಿಲ್ಲ. ಆದರೆ ಸೈಟ್‌ನ ನಿಯಮ ಒಮ್ಮೆ ಓದಿ. ಇಬೇಯಂಥ ಹರಾಜು ಸೈಟ್‌ಗಳಲ್ಲಿ ಫೋಟೋ ಹಾಕುವಾಗಲೇ ಅದನ್ನು ಬಳಸುವ ಅನುಮತಿಯನ್ನು ನಾವು ಸೈಟ್‌ಗೆ ಕೊಟ್ಟಿರುತ್ತೇವೆ. ಇದನ್ನು ಯಾರೂ ಓದುವುದಿಲ್ಲ, ಅಲ್ವಾ?

ಈಗ ಮೆಸೇಜ್ ಮಾಡಿ. ಎರಡೇ ಸಾಲು ಸಾಕು: "ಈ ಫೋಟೋ ನಾನು ತೆಗೆದದ್ದು, ನಾಳೆಯೊಳಗೆ ತೆಗೆದುಬಿಡಿ." ಎಷ್ಟೋ ಜನ ತಪ್ಪು ಅಂತ ಗೊತ್ತಿಲ್ಲದೇ ಮಾಡಿರುತ್ತಾರೆ, ತೆಗೆಯುತ್ತಾರೆ. ಹರಾಜು ಇವತ್ತೋ ನಾಳೆಯೋ ಮುಗಿಯುವಂತಿದ್ದರೆ ಮಾತ್ರ ಇದಕ್ಕೆ ಕಾಯದೆ ನೇರ ದೂರು ಕೊಡಿ.

ಇಬೇಯಲ್ಲಿ ಇದಕ್ಕೆ ವೆರೋ ಅನ್ನುವ ವ್ಯವಸ್ಥೆ ಇದೆ. ಬೇರೆ ಸೈಟ್‌ಗಳಲ್ಲೂ ಕಾಪಿರೈಟ್ ದೂರಿನ ಫಾರ್ಮ್ ಸಿಗುತ್ತದೆ. ಅಮೆರಿಕದ ಸೈಟ್‌ಗಳಲ್ಲಿ ಈ ದೂರು ನಡೆಯುವುದು ಡಿಎಂಸಿಎ ಅನ್ನುವ ಅಲ್ಲಿನ 1998ರ ಕಾಪಿರೈಟ್ ಕಾನೂನಿನ ಪ್ರಕಾರ, ಅದರಲ್ಲಿ ನೀವೇ ಹಕ್ಕುದಾರರು ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕು, ಹಾಗಾಗಿ ಪ್ರತಿಸ್ಪರ್ಧಿಯನ್ನು ಹಣಿಯಲು ಸುಳ್ಳು ದೂರು ಕೊಡುವ ಯೋಚನೆ ಬೇಡ. ಎದುರಿನವರು ಪ್ರತಿದೂರು ಕೊಟ್ಟರೆ, ನೀವು ಕೋರ್ಟಿಗೆ ಹೋಗದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಲಿಸ್ಟಿಂಗ್ ವಾಪಸ್ ಬರಬಹುದು. ಒಂದು ಸಣ್ಣ ಫೋಟೋಗೆ ಕೋರ್ಟ್ ಹತ್ತುವುದು ನನ್ನ ಲೆಕ್ಕದಲ್ಲಿ ದಂಡ.

ಅವರ ಹತ್ತಿರ ವಸ್ತುವೇ ಇಲ್ಲ ಅಂತ ಅನುಮಾನ ಬಂದರೆ ವಿಷಯ ಬೇರೆ. ಗೀರು, ಕಲೆ, ಸೀರಿಯಲ್ ನಂಬರ್ ಎಲ್ಲವೂ ನಿಮ್ಮ ಹತ್ತಿರ ಇರುವುದರದ್ದೇ ಆಗಿದ್ದರೆ ಅದನ್ನು ವಂಚನೆ ಅಂತಲೇ ರಿಪೋರ್ಟ್ ಮಾಡಿ. ಕೊಳ್ಳುವವರ ದುಡ್ಡು ಹೋಗುವ ಮಾತಿದು.

ಮುಂದಿನ ಸಲಕ್ಕೆ: ಒಂದು ಚೀಟಿಯಲ್ಲಿ ನಿಮ್ಮ ಐಡಿ, ತಾರೀಖು ಕೈಯಲ್ಲಿ ಬರೆದು ವಸ್ತುವಿಗೆ ತಾಗಿಸಿ ಇಟ್ಟು ಫೋಟೋ ತೆಗೆಯಿರಿ. ಮೂಲೆಯಲ್ಲಿಟ್ಟರೆ ಕತ್ತರಿಸಿ ಬಿಸಾಕುತ್ತಾರೆ. ಮೂಲ ಫೈಲ್ ಅಳಿಸಬೇಡಿ, ತೆಗೆದ ಸಮಯ, ಕ್ಯಾಮೆರಾ ಮಾಡೆಲ್ ಅದರೊಳಗೇ ಇರುತ್ತದೆ. ನಾನು ಅಪ್‌ಲೋಡ್ ಮಾಡದ ಒಂದೆರಡು ಫೋಟೋನೂ ಬೇಕಂತಲೇ ಉಳಿಸಿಕೊಳ್ಳುತ್ತೇನೆ, ಅದೇ ಮೇಜು, ಅದೇ ಬೆಳಕು, ಬೇರೆ ಕೋನ. ಕದ್ದವರ ಹತ್ತಿರ ಅವು ಇರುವುದಿಲ್ಲ.