ಬುಧವಾರದ ಕಾಮಿಕ್ಸಿಗೆ ಅಭಿಪ್ರಾಯ ಬರೆಯುವುದು ಹೇಗೆ

‘ಚೆನ್ನಾಗಿತ್ತು’ ಅಂತ ಬರೆದು ಕಳಿಸಿದರೆ ಅಂಕೋಲೆಯ ಮಾಸ್ತರ್ರು ಸುಮ್ಮನಿರುವುದಿಲ್ಲ. ‘ಎಂಥದು ಚೆನ್ನಾಗಿತ್ತೋ ಮಾರಾಯಾ, ಊಟವಾ?’ ಅಂತ ತಿರುಗಿ ಕೇಳುತ್ತಾರೆ. ಅವರು, ಶಿರಸಿಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳು, ಕಾರವಾರದಲ್ಲಿ ಬೋರ್ಡ್ ಬರೆಯುವ ನಾನು, ಹೀಗೆ ಮೂರು ಜನ ವಾರವಾರ ಇಂಗ್ಲೆಂಡಿನ ‘ಟೂ ಥೌಸಂಡ್ ಎಡಿ’ ಎಂಬ ವಿಜ್ಞಾನ ಕಥೆಗಳ ಕಾಮಿಕ್ಸ್ ಓದಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತ ಆರು ವರ್ಷವಾಯಿತು. ಈಚೆಗೆ ಪಕ್ಕದ ಮನೆಯ ಡಿಪ್ಲೊಮಾ ಹುಡುಗ ತಾನೂ ಸೇರುತ್ತೇನೆ ಅಂತ ಬಂದ. ಮೊದಲ ವಾರ ಅವನು ಬರೆದದ್ದು ಇಷ್ಟು: ‘ಆರ್ಟ್ ಸೂಪರ್, ಸ್ಟೋರಿ ಓಕೆ, ಹತ್ತಕ್ಕೆ ಏಳು.’ ಅಂಗಡಿಯ ಬಾಗಿಲಲ್ಲಿ ಕೂರಿಸಿಕೊಂಡು ಅವನಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು, ಕೈಯಲ್ಲಿರುವುದು ಎಂಥ ಸಾಮಾನು ಅಂತ ಗೊತ್ತಿರಬೇಕು. ಮೊದಲ ಸಂಚಿಕೆಯ ಮೇಲಿರುವ ತಾರೀಖು 1977ರ ಫೆಬ್ರವರಿ 26. ಬೆಲೆ 8 ಪೆನ್ಸ್, ಜೊತೆಗೆ ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆ ಪುಕ್ಕಟೆ. 2000 ಅನ್ನುವುದು ಆಗ ಎಲ್ಲೋ ದೂರದ ಇಸವಿ. ಆ ಇಸವಿಯೂ ದಾಟಿ, 2016ರಲ್ಲಿ 2000ನೇ ಸಂಚಿಕೆಯೇ ಹೊರಬಂತು. ಸಂಚಿಕೆಗೆ ಅವರು ‘ಪ್ರೋಗ್’ ಅನ್ನುತ್ತಾರೆ, ಪ್ರೋಗ್ರಾಂನ ಬಾಲ ಕತ್ತರಿಸಿದ್ದು. 32 ಪುಟ, ಸಾಮಾನ್ಯವಾಗಿ ಐದು ಕಥೆ, ಒಂದೊಂದಕ್ಕೆ ಐದಾರು ಪುಟ. ಹೆಚ್ಚಿನವು ಧಾರಾವಾಹಿ. ನಡುನಡುವೆ ಒಂದೇ ವಾರದಲ್ಲಿ ಮುಗಿದು ಕೊನೆಯ ಚಿತ್ರದ ಚೌಕದಲ್ಲಿ ತಿರುವು ಕೊಡುವ ಪುಟ್ಟ ಕಥೆಗಳೂ ಇರುತ್ತವೆ.

ಪತ್ರಿಕೆಯವರೇ ಕಟ್ಟಿದ ಸಂಪಾದಕನ ಪಾತ್ರ ಒಂದಿದೆ, ಥಾರ್ಗ್ ಅಂತ, ಹಸಿರು ಮೈಯವನು. ಬೀಟಲ್‌ಜ್ಯೂಸ್ ನಕ್ಷತ್ರದ ಕಡೆಯಿಂದ ಬಂದವನಂತೆ, ಓದುಗರನ್ನೆಲ್ಲ ‘ಭೂಮಿಯ ಮರಿಗಳೇ’ ಅನ್ನುವ ಧಾಟಿಯಲ್ಲಿ ಕರೆಯುತ್ತಾನೆ. ಬೀಟಲ್‌ಜ್ಯೂಸ್ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಆರಿದ್ರಾ. ಇದನ್ನು ಹೇಳಿದಾಗ ಮಾಸ್ತರ್ರು ಗಡ್ಡ ಕೆರೆದುಕೊಂಡು, ‘ಆದ್ರೆ ಆರಿದ್ರಾ, ಇಲ್ಲಾಂದ್ರೆ ದರಿದ್ರಾ’ ಅಂದರು. ಅಂದಿನಿಂದ ಯಾವುದಾದರೂ ಸಂಚಿಕೆ ಪೂರಾ ಸಪ್ಪೆಯಾದರೆ ನಮ್ಮಲ್ಲಿ ‘ಈ ವಾರ ಆರಿದ್ರಾ ಹೊಯ್ಯಲಿಲ್ಲ’ ಅಂತಲೇ ಬರೆಯುವುದು.

ಈಗ ಓದುವ ಕ್ರಮ. ಬುಧವಾರ ಸಂಚಿಕೆ ಬರುತ್ತದೆ, ನಮಗೆ ಮೊಬೈಲಿಗೇ. ಆದರೆ ಮೊಬೈಲಿನಲ್ಲಿ ಓದಬೇಡಿ. ಒಂದೊಂದೇ ಚೌಕ ದೊಡ್ಡದು ಮಾಡಿ ತೋರಿಸುವ ಸೌಕರ್ಯ ಇದೆಯಲ್ಲ, ಅದು ಮೋಸ. ಚಿತ್ರ ಬರೆದವನು ಪುಟವನ್ನು ಪುಟವಾಗಿಯೇ ಯೋಚಿಸಿರುತ್ತಾನೆ. ಮೇಲೆ ಮೂರು ಸಣ್ಣ ಚೌಕ ಇಟ್ಟು ಕೆಳಗೆ ಅರ್ಧ ಪುಟ ಖಾಲಿ ಆಕಾಶ ಬಿಟ್ಟಿದ್ದರೆ ಆ ಖಾಲಿಗೆ ಅರ್ಥವಿದೆ. ಚೌಕ ಚೌಕವಾಗಿ ತಳ್ಳಿಕೊಂಡು ಹೋದರೆ ಆಕಾಶವೂ ಸಣ್ಣ, ಮೂಗೂ ಸಣ್ಣ, ಎರಡೂ ಒಂದೇ ಅಳತೆ. ನಾನು ಫ್ಲೆಕ್ಸ್ ಡಿಸೈನ್ ಮಾಡುವ ಕಂಪ್ಯೂಟರಿನಲ್ಲಿ ಷಟರ್ ಅರ್ಧ ಎಳೆದು ಓದುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಗುರುವಾರಕ್ಕೆ ನಿಂತಿತು, ತೊಂದರೆಯಿಲ್ಲ.

ಹಿಂದಿನ ವಾರದ್ದನ್ನು ತೆಗೆದು ನೋಡುವ ಮುಂಚೆ ಒಂದು ಕೆಲಸ ಮಾಡಿ. ಪ್ರತಿ ಕಥೆ ಎಲ್ಲಿಗೆ ನಿಂತಿತ್ತು ಅಂತ ನೆನಪಿನಿಂದಲೇ ಒಂದೊಂದು ಸಾಲು ಬರೆಯಿರಿ. ನಾನು ಹಳೇ ರಸೀದಿ ಪುಸ್ತಕದ ಬೆನ್ನಿಗೆ ಬರೆಯುತ್ತೇನೆ. ಐದರಲ್ಲಿ ಎರಡು ನೆನಪಾಗದಿದ್ದರೆ ಆ ಎರಡರ ಬಗ್ಗೆ ನಿಮ್ಮ ಅಭಿಪ್ರಾಯ ಅಲ್ಲಿಯೇ ಅರ್ಧ ಬಂತು. ಏಳು ದಿನ ನೆನಪಿನಲ್ಲಿ ಉಳಿಯುವಂತೆ ನಿಲ್ಲಿಸುವುದೇ ವಾರಪತ್ರಿಕೆಯ ಕಸುಬು. ಹಾಗಂತ ತಪ್ಪೆಲ್ಲ ಅವರ ತಲೆಗೆ ಕಟ್ಟಬೇಡಿ. ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರ ನನಗೆ ಯಾವ ಕಥೆಯೂ ನೆನಪಿರಲಿಲ್ಲ, ಅದು ಕಥೆಗಾರನ ದೋಷವಲ್ಲ.

ಮೊದಲ ಓದು ಒಂದೇ ಉಸಿರಿಗೆ. ಎಲ್ಲಿ ಕಣ್ಣು ತಾನಾಗಿ ನಿಂತಿತೋ ಅದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಎರಡನೇ ಓದಿಗೆ ಪೆನ್ಸಿಲ್ ಹಿಡಿಯಿರಿ, ಪುಟ ಮತ್ತು ಚೌಕದ ಸಂಖ್ಯೆ ಗುರುತು ಮಾಡಿ: 3ನೇ ಪುಟ, 4ನೇ ಚೌಕ. ಇದನ್ನು ನಾನು ಕಲಿತದ್ದು ಕಾಮಿಕ್ಸಿನಿಂದಲ್ಲ. ನನ್ನ ಅಜ್ಜನ ಮನೆ ಶಿರಸಿ ಹತ್ತಿರ. ಅಜ್ಜ ರಾತ್ರಿ ಪೂರ್ತಿ ಯಕ್ಷಗಾನ ನೋಡಿ ಬೆಳಗ್ಗೆ ಅಂಗಳದಲ್ಲಿ ಕಷಾಯ ಕುಡಿಯುತ್ತ ಕೂತಿರುತ್ತಿದ್ದ. ‘ಆಟ ರೈಸಿತು’ ಅಂತ ಯಾರಾದರೂ ಅಂದರೆ ಅಜ್ಜನ ಪ್ರಶ್ನೆ ಒಂದೇ: ‘ಯಾವ ಪದ್ಯಕ್ಕೆ?’ ಅದಕ್ಕೆ ಉತ್ತರ ಬರಲಿಲ್ಲ ಅಂದರೆ ಅವನು ಎರಡನೇ ಪ್ರಸಂಗಕ್ಕೆ ಚಾಪೆ ಹಾಸಿ ಮಲಗಿದವನು ಅಂತ ಲೆಕ್ಕ. ಮದ್ದಲೆಯವನು ಕೈ ತಪ್ಪಿದ್ದು, ಭಾಗವತರು ಒಂದು ಸಾಲನ್ನು ಎರಡು ಸಲ ಎತ್ತಿಕೊಂಡದ್ದು, ವೇಷಧಾರಿ ಅರ್ಥ ಹೇಳುವಾಗ ಪಾತ್ರ ಬಿಟ್ಟು ತಾನೇ ಆದದ್ದು, ಇಂಥವನ್ನು ಅಜ್ಜ ಮತ್ತು ಜೊತೆಗೆ ಕೂತವರು ಹೆಸರು ಹಿಡಿದು ಆಡುತ್ತಿದ್ದರು. ಕಾಮಿಕ್ಸಿಗೂ ಅದೇ ಬಾಯಿ ಸಾಕು.

ಹೆಸರು ಅಂದೆನಲ್ಲ, ಅಲ್ಲಿ ನಾನೊಮ್ಮೆ ಎಡವಿದ್ದೆ. ಒಂದು ಧಾರಾವಾಹಿಯ ಚಿತ್ರ ನೋಡಿ ‘ಕೆಸರು ಬಳಿದ ಹಾಗಿದೆ, ಇವನಿಗೆ ಕೈ ಸಾಲದು’ ಅಂತ ಚಿತ್ರಕಾರನಿಗೆ ಝಾಡಿಸಿ ಬರೆದೆ. ತಂಗಿಯ ಮಗಳು ಒಂದೇ ಸಾಲು ಬರೆದಳು: ‘ಮಾವ, ಬಣ್ಣ ಹಾಕಿದವರು ಬೇರೆ.’ ಹೆಸರಿನ ಪಟ್ಟಿ ನೋಡಿದೆ, ಹೌದು. ರೇಖೆ ಒಬ್ಬರದು, ಬಣ್ಣ ಇನ್ನೊಬ್ಬರದು, ಅಕ್ಷರ ಮತ್ತೊಬ್ಬರದು. ಬ್ರಿಟನ್ನಿನ ವಾರದ ಕಾಮಿಕ್ಸುಗಳಲ್ಲಿ ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಅದನ್ನು ರೂಢಿಗೆ ತಂದದ್ದೇ ಈ ಪತ್ರಿಕೆ, ಅದೂ ತಮಾಷೆಯಾಗಿ, ಬರೆಯುವ ರೋಬೋ, ಚಿತ್ರದ ರೋಬೋ, ಅಕ್ಷರದ ರೋಬೋ ಅಂತ ಚೌಕಟ್ಟು ಹಾಕಿ. ಅಷ್ಟು ಕಷ್ಟಪಟ್ಟು ಕೊಟ್ಟ ಹೆಸರನ್ನು ಓದದೆ ಬೈದದ್ದು ನನಗೆ ಇವತ್ತಿಗೂ ನಾಚಿಕೆ. ಬಸ್ ಸ್ಟ್ಯಾಂಡಿನ ಎದುರು ಎಷ್ಟು ಬೋರ್ಡ್ ಬರೆದಿದ್ದೇನೋ, ಒಂದರ ಮೂಲೆಯಲ್ಲೂ ನನ್ನ ಹೆಸರಿಲ್ಲ. ಹಾಗಿದ್ದೂ ನಾನೇ ಹೀಗೆ ಮಾಡಿದೆ.

ಅಕ್ಷರದ ವಿಚಾರಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನ್ನ ಹೊಟ್ಟೆಪಾಡಿನದು. ಓದುಗರು ಬರೆಯುವ ಅಭಿಪ್ರಾಯಗಳಲ್ಲಿ ಕಥೆ ಇರುತ್ತದೆ, ಚಿತ್ರ ಇರುತ್ತದೆ, ಅಕ್ಷರದ ಮಾತು ಬರುವುದೇ ಅಪರೂಪ. ಒಂದು ಚೌಕ ಆರಿಸಿ ನೋಡಿ. ಇಬ್ಬರು ಜಗಳವಾಡುತ್ತಿದ್ದಾರೆ, ನಾಲ್ಕು ಬಲೂನು, ಅಂದರೆ ಮಾತು ಬರೆದ ಗುಳ್ಳೆ. ನಿಮ್ಮ ಕಣ್ಣು ಯಾವುದನ್ನು ಮೊದಲು ಓದಿತು? ಎಡ ಮೇಲಿನದು, ಆಮೇಲೆ ಅದಕ್ಕೆ ಅಂಟಿಕೊಂಡು ಸ್ವಲ್ಪ ಕೆಳಗಿರುವುದು, ಅಲ್ಲಿಂದ ಬಾಲ ಹಿಡಿದು ಬಾಯಿಯ ಕಡೆಗೆ. ಎಡವದೆ ಹೋದಿರಿ ಅಂದರೆ ಅಕ್ಷರದವನು ದಾರಿ ಹಾಕಿಕೊಟ್ಟಿದ್ದಾನೆ. ಎಡವಿದಿರಿ ಅಂದರೆ ಬಲೂನಿನ ಬಾಲ ಯಾರ ಕಡೆಗಿದೆ, ಎರಡು ಬಲೂನು ಒಂದರ ಮೇಲೊಂದು ಹತ್ತಿದೆಯಾ ನೋಡಿ ಬರೆಯಿರಿ. ಪಿಸುಮಾತಿಗೆ ಅಕ್ಷರ ಸಣ್ಣದು ಮಾಡಿ ಬಲೂನು ದೊಡ್ಡದೇ ಬಿಟ್ಟರೆ ಸುತ್ತಲಿನ ಬಿಳಿ ಜಾಗವೇ ಪಿಸುಗುಡುತ್ತದೆ. ಒಂದು ಸಂಜೆ ಸುಮ್ಮನೆ ಒಂದು ಪುಟವನ್ನು ಕನ್ನಡಕ್ಕೆ ತಂದು ಅದೇ ಬಲೂನಿನಲ್ಲಿ ಕೂರಿಸಲು ನೋಡಿದೆ. ಕೂರಲಿಲ್ಲ. ನಮ್ಮ ಪದ ಉದ್ದ, ಒತ್ತಕ್ಷರ ಕೆಳಗೆ ಕಾಲು ಚಾಚುತ್ತದೆ, ಸಾಲಿಗೂ ಸಾಲಿಗೂ ನಡುವೆ ಜಾಗ ಕೇಳುತ್ತದೆ. ಅಕ್ಷರ ಕಿರಿದು ಮಾಡುವುದಕ್ಕಿಂತ ಮಾತನ್ನೇ ಕಡಿಮೆ ಮಾಡಬೇಕಾಯಿತು, ಮತ್ತು ಎರಡು ಕಡೆ ಆ ಮಾತು ಇಲ್ಲದಿದ್ದರೂ ನಡೆಯುತ್ತಿತ್ತು ಅಂತ ಆಗಲೇ ಗೊತ್ತಾದದ್ದು. ಸಂಭಾಷಣೆ ಹೆಚ್ಚಾಯಿತು ಅಂತ ಬರೆಯುವ ಮುಂಚೆ ಇದನ್ನು ಒಮ್ಮೆ ಮಾಡಿ ನೋಡಿ.

ಬರೆಯುವುದು ಹೇಗಿರಬೇಕು ಅಂತ ತೋರಿಸಲು ಒಂದು ಕಥೆ ಕಟ್ಟುತ್ತೇನೆ, ಇದು ಯಾವ ಸಂಚಿಕೆಯಲ್ಲೂ ಇಲ್ಲ. ಶನಿಯ ಉಂಗುರದಲ್ಲಿ ಮಂಜುಗಡ್ಡೆ ಅಗೆಯುವ ಹಡಗು, ಅದರಲ್ಲಿ ಒಬ್ಬಳು ಅಡುಗೆಯವಳು. ಹುಡುಗನಾದರೆ ‘ಸ್ಲೋ ಆಯ್ತು, ಆರ್ಟ್ ಚೆನ್ನಾಗಿದೆ’ ಅನ್ನುತ್ತಾನೆ. ನಾನು ಅವನಿಗೆ ಬರೆದು ತೋರಿಸಿದ್ದು ಹೀಗೆ:

‘ಕಳೆದ ವಾರ ಅಡುಗೆಯವಳು ಒಳಗಿನಿಂದ ಚಿಲಕ ಹಾಕಿಕೊಂಡಲ್ಲಿಗೆ ನಿಂತಿತ್ತು. ಈ ವಾರದ ಐದು ಪುಟದಲ್ಲಿ ಎರಡು ಕಪ್ತಾನನ ಮಾತಿಗೇ ಹೋಯಿತು, ಅವನು ಹೇಳಿದ್ದೆಲ್ಲ ನಮಗೆ ಮೊದಲೇ ಗೊತ್ತಿತ್ತು. ಆದರೆ 4ನೇ ಪುಟದ 3ನೇ ಚೌಕದಲ್ಲಿ ಅವಳ ಕೈ ಮಾತ್ರ ಇದೆ, ಸೌಟು ಹಿಡಿದಿದೆ, ಬೆರಳ ಗೆಣ್ಣು ಬಿಳುಚಿದೆ. ಬಲೂನಿಲ್ಲ. ಕಪ್ತಾನನ ಎರಡು ಪುಟಕ್ಕಿಂತ ಆ ಕೈ ಹೆಚ್ಚು ಹೇಳಿತು. ಕೊನೆಯ ಚೌಕದ ಸದ್ದು ಬಾಗಿಲಿನ ಆಚೆಯದೋ ಈಚೆಯದೋ ತಿಳಿಯಲಿಲ್ಲ. ಬೇಕೆಂದೇ ಹಾಗೆ ಬಿಟ್ಟಿದ್ದರೆ ಮುಂದಿನ ವಾರ ಶರಣಾಗುತ್ತೇನೆ.’

ಆ ಕಡೆಯ ಸಾಲು ನೋಡಿ, ಅದು ಸುಮ್ಮನೆ ಬಂದದ್ದಲ್ಲ. ಐದು ಪುಟದ ತುಂಡು ನೋಡಿ ಇಡೀ ಕಥೆಗೆ ತೀರ್ಪು ಕೊಡಲು ಬರುವುದಿಲ್ಲ. ಒಂದು ಧಾರಾವಾಹಿಯ ಮೂರನೇ ವಾರಕ್ಕೇ ನಾನು ‘ಈ ಮುದುಕನ ಪಾತ್ರ ದಂಡ, ತೆಗೆದು ಹಾಕಿದರೂ ನಡೆಯುತ್ತದೆ’ ಅಂತ ಬರೆದಿದ್ದೆ. ಒಂಬತ್ತನೇ ವಾರಕ್ಕೆ ಇಡೀ ಕಥೆ ನಿಂತದ್ದು ಆ ಮುದುಕನ ಮೇಲೆಯೇ. ಮಾಸ್ತರ್ರು ನನ್ನ ಹಳೇ ಸಾಲನ್ನು ಇದ್ದಂತೆ ನಕಲು ಮಾಡಿ ಕೆಳಗೆ ‘ಶ್ರದ್ಧಾಂಜಲಿ’ ಅಂತ ಬರೆದು ಕಳಿಸಿದರು. ತುಂಡಿಗೆ ತುಂಡಿನ ಮಾತು ಆಡಿ: ಈ ವಾರ ಹೆಜ್ಜೆ ಮುಂದೆ ಹೋಯಿತಾ, ಹೋಗದಿದ್ದರೆ ನಿಂತಲ್ಲಿ ಏನಾದರೂ ಕೊಟ್ಟಿತಾ. ಕಥೆ ಮುಗಿದ ಮೇಲೆ ಒಟ್ಟಿಗೆ ಕೂತು ಓದಿ ಇನ್ನೊಂದು ಬರೆಯಿರಿ, ಎರಡೂ ಬೇರೆ ಬೇರೆ ಬರಹ.

ಜಡ್ಜ್ ಡ್ರೆಡ್ ಬಗ್ಗೆ ಬರೆಯುವವರಿಗೆ ಒಂದು ಮಾತು. ಮುಂದಿನ ಕಾಲದ ಒಂದು ಊರಿನ ಪೊಲೀಸ್ ಅವನು, ಎರಡನೇ ಸಂಚಿಕೆಯಿಂದ ಇರುವವನು, ಜಾನ್ ವ್ಯಾಗ್ನರ್ ಬರಹ, ಕಾರ್ಲೋಸ್ ಎಸ್ಕೆರ್ರಾ ರೂಪ ಕೊಟ್ಟದ್ದು. ಹಿಡಿಯುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಕೊಲ್ಲುವವನೂ ಅವನೇ. ಹೆಲ್ಮೆಟ್ ತೆಗೆದು ಪೂರ್ತಿ ಮುಖ ತೋರಿಸುವುದಿಲ್ಲ. ನಮಗೆ ಒಂದು ವರ್ಷ ಕಳೆದರೆ ಅವನಿಗೂ ಒಂದು ವರ್ಷ, ಅವನ ಕಾಲ ನಮಗಿಂತ 122 ವರ್ಷ ಮುಂದೆ ಓಡುತ್ತಿರುತ್ತದೆ. ಹುಡುಗ ಅವನನ್ನು ನೋಡಿ ‘ನಮ್ಮಲ್ಲೂ ಇಂಥ ಪೊಲೀಸ್ ಬೇಕು’ ಅಂತ ಬರೆದ. ಮಾಸ್ತರ್ರು ಫೋನ್ ಮಾಡಿ, ‘ತಮ್ಮಾ, ನಿನ್ನ ಬೈಕಿಗೆ ಇನ್ಶೂರೆನ್ಸ್ ಇದೆಯಾ?’ ಅಂತ ಕೇಳಿದರು. ಇರಲಿಲ್ಲ. ‘ಹಾಗಾದರೆ ಆ ಊರಲ್ಲಿ ನೀನು ಈಗ ಜೈಲಲ್ಲಿ’ ಅಂದರು. ಅದು ವ್ಯಂಗ್ಯದ ಕಥೆ. ಅವನು ಗೆದ್ದಾಗ ನಿಮಗೆ ಖುಷಿಯಾಯಿತಾ, ಆಗಿ ಆಮೇಲೆ ಮುಜುಗರವಾಯಿತಾ, ಆ ಎರಡನ್ನೂ ಬರೆಯಿರಿ. ಹುಡುಗ ಮುಂದಿನ ವಾರ ಬರೆದದ್ದು ನಮ್ಮ ಮೂವರದಕ್ಕಿಂತ ಚೆನ್ನಾಗಿತ್ತು, ಹೇಳಲು ಸಂಕಟವಾದರೂ ಹೇಳಬೇಕು.

ಸಣ್ಣಪುಟ್ಟ ನಿಯಮಗಳು. ತಂಗಿಯ ಮಗಳಿಗೆ ಶನಿವಾರದವರೆಗೆ ಪುರುಸೊತ್ತಿಲ್ಲ, ಆದ್ದರಿಂದ ಕೊನೆಯ ಚೌಕದ ಗುಟ್ಟು ಬಿಟ್ಟುಕೊಡಬಾರದು. ಬಿಡಲೇಬೇಕಾದರೆ ಹಾಳೆಯ ಮೇಲೆ ಮೊದಲೇ ‘ಓದಿ ಆದ ಮೇಲೆ’ ಅಂತ ಬರೆದು ಮಡಿಸಿ. ಅಂಕ ಕೊಡಬೇಡಿ. ಐದೂ ಕಥೆಗೆ ಬರೆಯಬೇಕೆಂಬ ಹಟ ಬೇಡ, ಎರಡಕ್ಕೆ ಏಳೆಂಟು ಸಾಲು ಬರೆದರೆ ಸಾಕು. ವರ್ಷದ ಕೊನೆಗೆ 100 ಪುಟದ ದಪ್ಪ ಸಂಚಿಕೆ ಬಂದು ಆಮೇಲೆ ಕೆಲವು ವಾರ ಬಿಡುವು ಇರುತ್ತದೆ, ಆಗ ಹಳೆಯ ಅಭಿಪ್ರಾಯ ತೆಗೆದು ಓದಿ. ನಗು ಬರುತ್ತದೆ.

ಪತ್ರಿಕೆಗೇ ಬರೆಯುವುದಾದರೆ ಗಿಡ್ಡಕ್ಕೆ ಬರೆಯಿರಿ, ಸಂಚಿಕೆಯ ಸಂಖ್ಯೆ ಹಾಕಿ, ಒಂದೇ ವಿಷಯ ಹಿಡಿಯಿರಿ. ಥಾರ್ಗ್‌ಗೆ ಅವನದೇ ಭಾಷೆಯಲ್ಲಿ ‘ಬೊರಾಗ್ ಥಂಗ್’ ಅಂತ ನಮಸ್ಕಾರ ಹೇಳುವುದು ಓದುಗರ ಸಂಪ್ರದಾಯ. ನಾನು ನಾಲ್ಕು ಕಳಿಸಿದ್ದೇನೆ, ಒಂದೂ ಬಂದಿಲ್ಲ.

ಇನ್ನು ನಮ್ಮ ಪೈಕಿ ಎಲ್ಲರೂ ಮುರಿಯುವ ನಿಯಮ: ಬೇರೆಯವರದನ್ನು ಕೇಳುವ ಮುಂಚೆ ನಿಮ್ಮದನ್ನು ಬರೆದು ಮುಗಿಸಿ. ಮಾಸ್ತರ್ರು ‘ಈ ಸಲ ಮೂರನೇ ಕಥೆ ಬಿದ್ದೇ ಹೋಯಿತು’ ಅಂದರು ಅಂದರೆ ಮುಗಿಯಿತು, ಎಷ್ಟು ಒಳ್ಳೆಯ ಚಿತ್ರ ಇದ್ದರೂ ನನಗೆ ಬಿದ್ದದ್ದೇ ಕಾಣುತ್ತದೆ. ಇವತ್ತು ಬುಧವಾರ. ಬೈತ್‌ಖೋಲದ ಒಬ್ಬರ ದೋಣಿಗೆ ಹೆಸರು ಬರೆಯುವುದಿತ್ತು, ಸಂಚಿಕೆ ಇನ್ನೂ ತೆಗೆದಿಲ್ಲ. ಅಂಕೋಲೆಯಿಂದ ಎರಡು ಸಲ ಫೋನ್ ಬಂತು. ಎತ್ತಲಿಲ್ಲ.