ಮೂರು ಹಾರ್ನ್‌ಗೆ ಕೈ ಬೀಸಿದ್ದೆ

ಬರ್ಲಿನ್‌ನ ಸ್ಪ್ರೀ ನದಿಯಲ್ಲಿ ಎರಡು ಬೇಸಿಗೆ ನಾನು ಲೈಸೆನ್ಸ್ ಇಲ್ಲದೆಯೇ ಬಾಡಿಗೆ ಬೋಟ್ ಓಡಿಸಿದ್ದೇನೆ. ಕದ್ದುಮುಚ್ಚಿ ಅಲ್ಲ. ಜರ್ಮನಿಯಲ್ಲಿ 2012ರಿಂದ 15 ಪಿಎಸ್‌ (ಅಲ್ಲಿನ ಅಶ್ವಶಕ್ತಿಯ ಅಳತೆ) ವರೆಗಿನ ಇಂಜಿನ್‌ಗೆ ಹೆಚ್ಚಿನ ಕಡೆ ಲೈಸೆನ್ಸ್ ಬೇಕಿಲ್ಲ. ರೈನ್ ನದಿಯಲ್ಲಿ ಮಾತ್ರ ಆ ಮಿತಿ 5 ಪಿಎಸ್. ಬಾಡಿಗೆಯವರು ಹತ್ತು ನಿಮಿಷ ಹೇಳಿಕೊಟ್ಟು ಕೀಲಿ ಕೈಗಿಟ್ಟರು.

ಒಂದು ಭಾನುವಾರ ದಡದಲ್ಲಿದ್ದ ಪ್ರವಾಸಿ ಹಡಗೊಂದು ಚಿಕ್ಕದಾಗಿ ಮೂರು ಸಲ ಹಾರ್ನ್ ಹೊಡೆಯಿತು. ಮಗಳು ಕೈ ಬೀಸಿದಳು, ನಾನೂ ಬೀಸಿದೆ. ಹಾಗೇ ಅದರ ಹಿಂದಿನಿಂದ ಹಾದುಹೋದೆ. ಮೇಲಿನಿಂದ ಯಾರೋ ಕೂಗಿದರು. ಮುಂದಿನ ಚಳಿಗಾಲ ಲೈಸೆನ್ಸ್ ಪರೀಕ್ಷೆಗೆ ಓದುವಾಗ ಗೊತ್ತಾಯಿತು: ಒಂದು ಹಾರ್ನ್ ಅಂದರೆ ಬಲಕ್ಕೆ ತಿರುಗುತ್ತಿದ್ದೇನೆ, ಎರಡು ಅಂದರೆ ಎಡಕ್ಕೆ, ಮೂರು ಅಂದರೆ ಹಿಂದಕ್ಕೆ ಬರುತ್ತಿದ್ದೇನೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಕಾಗದಪತ್ರ ಜಾಸ್ತಿ ಇಲ್ಲ. 16 ವರ್ಷ ತುಂಬಿರಬೇಕು. ಕಣ್ಣು, ಕಿವಿ ಸರಿ ಇವೆ, ಕೆಂಪು ಹಸಿರು ಗೊತ್ತಾಗುತ್ತದೆ ಅಂತ ಡಾಕ್ಟರ್ ಬರೆದುಕೊಡಬೇಕು. ಕಾರಿನ ಲೈಸೆನ್ಸ್ ಇದ್ದರೆ ಅದರ ಪ್ರತಿ ಸಾಕು, ಪೊಲೀಸ್ ದಾಖಲೆ ಬೇಡ. ಥಿಯರಿಯ 30 ಪ್ರಶ್ನೆಗಳೂ ಮೊದಲೇ ಪ್ರಕಟವಾದ ಪಟ್ಟಿಯಿಂದಲೇ ಬರುತ್ತವೆ. ಉರು ಹೊಡೆದೆ, ಪಾಸಾದೆ. ಸಮುದ್ರದ ಲೈಸೆನ್ಸ್‌ಗೆ ನಕ್ಷೆಯ ಮೇಲೆ ಲೆಕ್ಕವೂ ಇರುತ್ತದೆ, ಅದಕ್ಕೆ ಮಾತ್ರ ನಿದ್ದೆಗೆಟ್ಟೆ.

ಬೆವರಿಳಿಸಿದ್ದು ನೀರಿನ ಮೇಲಿನ ಪಾಠ. ಮೇಷ್ಟ್ರು ಟ್ಯೂಬೊಂದನ್ನು ಬಲಗಡೆ ಎಸೆದು 'ಆಳು ಬಿದ್ದ!' ಅಂದರು. ನನ್ನ ಕೈ ತಾನಾಗೇ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿತು. ರಸ್ತೆಯಲ್ಲಿ ಬಲಗಡೆಯಿಂದ ನಾಯಿ ನುಗ್ಗಿದರೆ ಹಾಗೇ ಮಾಡುತ್ತೇವೆ, ಅಲ್ವಾ? ಆದರೆ ಬೋಟ್ ತಿರುಗುವಾಗ ಅದರ ಹಿಂಭಾಗ ಹೊರಕ್ಕೆ ಬೀಸುತ್ತದೆ. ಎಡಕ್ಕೆ ತಿರುಗಿಸಿದರೆ ಪ್ರೊಪೆಲ್ಲರ್ ಬಿದ್ದವನ ಕಡೆಗೇ ಹೋಗುತ್ತದೆ. 'ಸತ್ತ' ಅಂದರು ಮೇಷ್ಟ್ರು. ಬಿದ್ದ ಕಡೆಗೇ ತಿರುಗಿಸಬೇಕು, ಗೇರ್ ನ್ಯೂಟ್ರಲ್‌ಗೆ ಹಾಕಬೇಕು. ಆಮೇಲೆ ಸುತ್ತು ಹಾಕಿ, ಗಾಳಿಗೆ ಎದುರಾಗಿ ನಿಧಾನಕ್ಕೆ ಹತ್ತಿರ ಬರಬೇಕು. ಬ್ರೇಕ್ ಇಲ್ಲವಲ್ಲ! ಆ ದಿನ ಇನ್ನೂ ಇಬ್ಬರನ್ನು 'ಕೊಂದೆ'.

ಗಂಟು ಹಾಕುವುದು ಮಾತ್ರ ಸುಲಭವಾಯಿತು. ಪಾಲ್‌ಸ್ಟೆಕ್ ಅನ್ನುವ ಕುಣಿಕೆ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ. ಊರಲ್ಲಿ ಹಸುವಿನ ಕೊರಳಿಗೆ ಹಗ್ಗ ಕಟ್ಟಿದ ಕೈಗೆ ಅದೇನು ದೊಡ್ಡದು?

ಯುರೋಪಿನಲ್ಲೆಲ್ಲ ಒಂದೇ ನಿಯಮ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲಿ ನೋಡುವುದು ಇಂಜಿನ್ ಅಲ್ಲ, ಬೋಟಿನ ಉದ್ದ ಮತ್ತು ವೇಗ: 15 ಮೀಟರ್‌ಗಿಂತ ಉದ್ದ ಇದ್ದರೆ ಅಥವಾ ಗಂಟೆಗೆ 20 ಕಿ.ಮೀ.ಗಿಂತ ಜೋರಾಗಿ ಓಡುವಂಥದ್ದಾದರೆ ಲೈಸೆನ್ಸ್ ಬೇಕು. ಕ್ರೊವೇಷಿಯಾದಲ್ಲಿ ಬೋಟ್ ಬಾಡಿಗೆಗೆ ಪಡೆದು ನಾವೇ ಓಡಿಸಲು ರೇಡಿಯೊ ಸರ್ಟಿಫಿಕೇಟೂ ಬೇಕು. ಹಾಗಾಗಿ ಈಗ ಮನೆಯಲ್ಲಿ ಮಗಳ ಜೊತೆ ರೇಡಿಯೊದಲ್ಲಿ ಎ, ಬಿ, ಸಿ ಹೇಳುವ ಆಲ್ಫಾ, ಬ್ರಾವೊ, ಚಾರ್ಲಿ ಅಭ್ಯಾಸ ನಡೆದಿದೆ.